ಆರನೆಯ ವರ್ಷದ ಜನವರಿ

ಮ್ಯಾನೇಜರನ ಕೋಣೆಯಿಂದ ಪ್ರಭುಲಿಂಗ ಹೊರಬಂದ. ಆ ವಾರದಲ್ಲಿ ಇದು ಮೂರನೆಯ ಸಲ. ಕೆನೆತ್‌ನನ್ನು ಕಂಡೊಡನೆ ಕೈಯಲ್ಲಿದ್ದ ನೋಟ್‌ಬುಕ್ಕನ್ನು ಜೇಬಿಗೆ ತುರುಕಿದ.

"ಎಂತ ಮಾರಾಯ, ದಿನಾ ಒಳಗೆ ಮೀಟಿಂಗಾ?" ಎಂದು ಕೆನೆತ್ ಕೇಳಿದ.

"ಏನಿಲ್ರಿ ಅಣ್ಣಾರ, ಹಂಗ ಸುಮ್ನ," ಎಂದು ನಕ್ಕು ಹೊರಟುಹೋದ.

ಆ ನಗು ಕೆನೆತ್‌ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು.

ದೋಹಾದ ಆ ದೊಡ್ಡ ಹೋಟೆಲಿನ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಕೆನೆತ್ ಹನ್ನೊಂದು ವರ್ಷಗಳಿಂದ ವೈನ್ ಬಡಿಸುತ್ತಿದ್ದ. ವೈನ್ ವಿಭಾಗದ ಮುಖ್ಯಸ್ಥನ ಹುದ್ದೆ ಈಗ ಖಾಲಿಯಾಗಿತ್ತು. ಆ ಹುದ್ದೆಯಲ್ಲಿರುವವನಿಗೆ ಫ್ಯಾಮಿಲಿ ವೀಸಾ ಸಿಗುತ್ತದೆ. ಊರು ಶಿರ್ವದಲ್ಲಿರುವ ಹೆಂಡತಿ ಮಟಿಲ್ಡಾಳನ್ನೂ ಮಗಳನ್ನೂ ಕರೆಸಿಕೊಳ್ಳಬಹುದು. ಅಲ್ ಥುಮಾಮಾದಲ್ಲಿ ಎರಡು ಕೋಣೆಯ ಮನೆಯೊಂದನ್ನು ಅವನು ಆಗಲೇ ನೋಡಿಟ್ಟು ಬಂದಿದ್ದ.

ಅಡ್ಡ ಬಂದವನು ಪ್ರಭುಲಿಂಗ. ಮೂರು ವರ್ಷದ ಹಿಂದೆ ಬಿಜಾಪುರದ ಕಡೆಯಿಂದ ಬಂದಾಗ ಅವನಿಗೆ ಬಾಟಲಿಯ ಬಿರಡೆ ತೆಗೆಯಲೂ ಬರುತ್ತಿರಲಿಲ್ಲ. ಕೈಹಿಡಿದು ಕಲಿಸಿದವನು ಕೆನೆತ್. ಇವತ್ತಿಗೂ ಅವನು ವೈನನ್ನು ಮೂಸಿ, ನಾಲಿಗೆಗೆ ತಾಗಿಸಿ ಉಗುಳುತ್ತಾನೆ. ಒಂದು ಹನಿ ನುಂಗುವುದಿಲ್ಲ. ಅಂಥವನಿಗೆ ಇತ್ತೀಚೆಗೆ ಎಲ್ಲಿಲ್ಲದ ಕುತೂಹಲ ಹುಟ್ಟಿತ್ತು.

"ಅಣ್ಣಾರ, ಈ ಬ್ರುನೆಲ್ಲೊ ಎಷ್ಟು ದಿನ ಪೀಪಾಯಿದಾಗ ಇರಬೇಕ್ರಿ?" ಎಂದು ಕೇಳಿದ್ದ ಹೋದ ತಿಂಗಳು.

ಕೆನೆತ್ ಒಂದೇ ಉಸಿರಿಗೆ ಹೇಳಿದ್ದ. ಮೊಂಟಾಲ್ಚಿನೊ ಎಂಬ ಬೆಟ್ಟದೂರಿನ ಗಡಿಯೊಳಗೇ ಬೆಳೆದ ದ್ರಾಕ್ಷಿಯಾಗಬೇಕು, ಅದೂ ಸಾಂಜೊವೇಸೆ ಎಂಬ ಒಂದೇ ತಳಿ. ಓಕ್ ಪೀಪಾಯಿಯಲ್ಲಿ ಕನಿಷ್ಠ ಎರಡು ವರ್ಷ, ಆಮೇಲೆ ಬಾಟಲಿಯಲ್ಲಿ ನಾಲ್ಕು ತಿಂಗಳು. ಕೊಯ್ಲಿನ ನಂತರದ ಐದನೆಯ ವರ್ಷದ ಜನವರಿ ಒಂದರ ತನಕ ಮಾರುವಂತಿಲ್ಲ. ಮೇಲ್ತರಗತಿಯ ‘ರಿಸರ್ವಾ’ ಆದರೆ ಬಾಟಲಿಯಲ್ಲಿ ಆರು ತಿಂಗಳು, ಹೊರಬರುವುದು ಆರನೆಯ ವರ್ಷದ ಜನವರಿಗೆ.

"ಒಂದು ದಿನ ಮೊದಲು ಬಂದ್ರೂ ಅದು ಬ್ರುನೆಲ್ಲೊ ಅಲ್ಲ. ಕಾನೂನು!"

"ನಮ್ಮ ಕಡೆಯ ಮಣ್ಣಾಗ ಬೆಳೆದ್ರ ಏನಂತ ಕರೀಬೇಕ್ರಿ?"

"ದ್ರಾಕ್ಷಿ ರಸ ಅಂತ ಕರೀಬೇಕು," ಎಂದಿದ್ದ ಕೆನೆತ್. ಪ್ರಭುಲಿಂಗ ಜೋರಾಗಿ ನಕ್ಕು, ಎಲ್ಲವನ್ನೂ ಬರೆದುಕೊಂಡಿದ್ದ.

ಯಾಕೆ ಬರೆದುಕೊಂಡನೆಂಬುದು ಕೆನೆತ್‌ಗೆ ಈಗ ಹೊಳೆಯಿತು. ತಾನು ಕಲಿಸಿದ್ದನ್ನೇ ಮ್ಯಾನೇಜರನ ಮುಂದೆ ಒಪ್ಪಿಸಿ ತನ್ನ ಕುರ್ಚಿಗೆ ಕೈಹಾಕಿದ್ದಾನೆ! ಪಾಸ್‌ಪೋರ್ಟ್ ಮಾಡಿಸಿ ಆಯಿತೆಂದು ಮಟಿಲ್ಡಾ ಫೋನಿನಲ್ಲಿ ಹೇಳಿದಾಗ, ನಿನಗೆಂಥ ಅವಸರ ಎಂದು ಅವನು ಅವಳ ಮೇಲೆಯೇ ಸಿಡುಕಿದ.

2007ರ ನವೆಂಬರ್‌ನ ಒಂದು ಗುರುವಾರ ಹೆಡ್ ಆಫೀಸಿನಿಂದ ಮುದಿ ಇಟಾಲಿಯನ್ ಸಾಹೇಬನೊಬ್ಬ ಮಧ್ಯಾಹ್ನದ ಊಟಕ್ಕೆ ಬಂದ. ಮುಖ್ಯಸ್ಥನನ್ನು ಆರಿಸುವವನು ಅವನೇ ಎಂದು ಅಡುಗೆಮನೆಯವರೆಗೂ ಸುದ್ದಿಯಿತ್ತು. ಅವನ ಮೇಜಿಗೆ ಬಡಿಸುವ ಕೆಲಸ ಸಿಕ್ಕಿದ್ದು ಪ್ರಭುಲಿಂಗನಿಗೆ. ವೈನ್ ಕೋಣೆಯಿಂದ ಹೊರಡುವ ಬಾಟಲಿಗಳನ್ನು ನೋಡಿ ಕಳಿಸುವುದಷ್ಟೇ ಕೆನೆತ್‌ನ ಪಾಲಿಗೆ ಬಂತು.

ಪ್ರಭುಲಿಂಗ ಬಾಟಲಿಯೊಂದನ್ನು ತಂದು ಕೆನೆತ್‌ನ ಮುಂದಿಟ್ಟ.

"ಅಣ್ಣಾರ, ಚಂದಂಗ ನೋಡಿ ಹೇಳ್ರಿ. ನನಗ ಅಷ್ಟು ತಿಳಿಯಂಗಿಲ್ಲ."

ಬ್ರುನೆಲ್ಲೊ. ಕೊಯ್ಲಿನ ವರ್ಷ 2002. ಕೆಳಗೆ ಸಣ್ಣ ಅಕ್ಷರದಲ್ಲಿ, ರಿಸರ್ವಾ.

ಕೆನೆತ್‌ನ ಬೆರಳು ಅಲ್ಲೇ ನಿಂತಿತು. ಬರಿಯ 2002 ಆಗಿದ್ದರೆ ತಕರಾರಿಲ್ಲ. ಆದರೆ ರಿಸರ್ವಾ? ಅದು ಹೊರಬರಲು ಇನ್ನೂ ಒಂದೂವರೆ ತಿಂಗಳು ಇದೆ. ಇದು ಖೋಟಾ ಮಾಲು.

"ಲೇಬಲ್ ಇನ್ನೊಮ್ಮೆ ಓದ್ರಿ ಅಣ್ಣಾರ," ಎಂದ ಪ್ರಭುಲಿಂಗ. ಅವನ ಹಣೆಯಲ್ಲಿ ಬೆವರಿತ್ತು.

ಒಂದು ಮಾತು ಸಾಕಿತ್ತು. ಆ ಮಾತು ಕೆನೆತ್‌ನ ಗಂಟಲಿನವರೆಗೂ ಬಂತು. ಆಗ ಮ್ಯಾನೇಜರನ ಕೋಣೆಯ ಬಾಗಿಲು ನೆನಪಾಯಿತು.

"ಎಂತ ನೋಡ್ಲಿಕ್ಕೆ ಉಂಟು? ಎಲ್ಲ ಸರಿ ಉಂಟು. ಯಲ್ಲಾ, ಬೇಗ ತಗೊಂಡು ಹೋಗು."

ಪ್ರಭುಲಿಂಗ ಕದಲಲಿಲ್ಲ. "ಖರೇನ ಸರಿ ಐತೇನ್ರಿ?"

"ಹೋಗು ಅಂದೆನಲ್ಲ!"

ಬಾಗಿಲ ಸಂದಿನಿಂದ ಕೆನೆತ್ ನೋಡಿದ. ಸಾಹೇಬ ಬಾಟಲಿಯನ್ನು ಕೈಗೆತ್ತಿಕೊಂಡು, ಕನ್ನಡಕ ಸರಿಪಡಿಸಿಕೊಂಡು ಓದಿದ. ಆಗಷ್ಟೇ ಬಂದು ಪಕ್ಕದಲ್ಲಿ ನಿಂತ ಮ್ಯಾನೇಜರನ ಮುಖ ನೋಡಿದ. ಬಾಟಲಿ ತೆರೆಯದೆಯೇ ಮೇಜಿನ ಅಂಚಿಗೆ ಸರಿಯಿತು. ಎಷ್ಟೋ ದಿನಗಳ ನಂತರ ಕೆನೆತ್‌ನ ಹೊಟ್ಟೆ ತಣ್ಣಗಾಯಿತು.

ಊಟ ಮುಗಿದ ಮೇಲೆ ಕರೆ ಬಂತು. ಕೋಣೆಯಲ್ಲಿ ಸಾಹೇಬನಿದ್ದ, ಮ್ಯಾನೇಜರನಿದ್ದ, ಮೂಲೆಯಲ್ಲಿ ತಲೆತಗ್ಗಿಸಿ ಪ್ರಭುಲಿಂಗ ನಿಂತಿದ್ದ.

"ಈ ಬಾಟಲಿಯನ್ನು ನೀನು ನೋಡಿದೆಯಾ?" ಎಂದು ಕೇಳಿದ ಮ್ಯಾನೇಜರ್.

"ಇಲ್ಲ ಸರ್. ಇವನು ನನಗೆ ತೋರಿಸಲೇ ಇಲ್ಲ," ಎಂದ ಕೆನೆತ್. ದನಿ ನಡುಗಲಿಲ್ಲ. "ತೋರಿಸಿದ್ದರೆ ಅಲ್ಲೇ ತಡೆಯುತ್ತಿದ್ದೆ. 2002ರ ರಿಸರ್ವಾ 2008ರ ಜನವರಿಗಿಂತ ಮೊದಲು ಮಾರಾಟಕ್ಕೆ ಬರುವ ಹಾಗಿಲ್ಲ."

ಸಾಹೇಬ ಮುಂದಿದ್ದ ನೇಮಕದ ಕಾಗದವನ್ನು ನಿಧಾನವಾಗಿ ಮಡಚಿದ.

"ಆ ಲೇಬಲ್ ಅಚ್ಚು ಹಾಕಿಸಿದವನು ನಾನು," ಎಂದ ಮ್ಯಾನೇಜರ್. "ನಿನಗೆ ತೋರಿಸು ಎಂದು ಇವನನ್ನು ಕಳಿಸಿದವನೂ ನಾನೇ. ಇವನು ತೋರಿಸುವಾಗ ನಾನು ವೈನ್ ಕೋಣೆಯ ಕಪಾಟಿನ ಆಚೆ ಬದಿಗೆ ನಿಂತಿದ್ದೆ."

ಪ್ರಭುಲಿಂಗ ತಲೆಯೆತ್ತಿದ. ಅವನ ಕಣ್ಣು ತುಂಬಿತ್ತು. ಉಳಿದಿಬ್ಬರಿಗೆ ತಿಳಿಯದ ಕನ್ನಡದಲ್ಲಿ ಮೆಲ್ಲಗೆ ಹೇಳಿದ:

"ನಾ ರಾಜೀನಾಮೆ ಕೊಟ್ಟು ತಿಂಗಳಾತ್ರಿ ಅಣ್ಣಾರ, ಊರಾಗ ನಮ್ಮ ದ್ರಾಕ್ಷಿಯಿಂದನ ವೈನ್ ಮಾಡಾಕ ಹೊಂಟೀನಿ. ಇಂಥಾ ತಪ್ಪು ಹಿಡಿಯೋದು ಕೆನೆತ್ ಅಣ್ಣಾರ ಒಬ್ಬರಿಂದ ಮಾತ್ರ ಆಗತೈತಿ, ಬೇಕಾದ್ರ ಪರೀಕ್ಷಾ ಮಾಡಿ ನೋಡಿ ಆ ಕುರ್ಚಿ ಅವರಿಗೇ ಕೊಡ್ರಿ ಅಂತ ಮೂರು ಸಲ ಬಂದು ಇವರ ಮುಂದ ಕೈಮುಗಿದವ ನಾನರೀ."