ಹದಿನಾಲ್ಕೂವರೆ ವೋಲ್ಟ್

ಮೀಟರ್ ಕೋಣೆಯಲ್ಲಿ ಹದಿನಾರು ಮೀಟರುಗಳು. ಹದಿನೈದು ಸಾವಧಾನವಾಗಿ ಓಡುತ್ತಿದ್ದವು. ಮೂರನೆಯ ಮಹಡಿಯದೊಂದು ಮಾತ್ರ ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬಂದಂತೆ ಓಡುತ್ತಿತ್ತು. ಸೊಸೈಟಿಯ ಕಾರ್ಯದರ್ಶಿ ಅದರ ಮೇಲೆ ಟಾರ್ಚ್ ಬಿಟ್ಟು, ಹೆಂಡತಿಯ ಕಡೆ ತಿರುಗಿ, ತಾನು ಹೇಳಿರಲಿಲ್ಲವೇ ಎಂಬಂತೆ ಹುಬ್ಬೇರಿಸಿದರು.

ಆ ಮನೆಯಲ್ಲಿದ್ದವನು ಒಬ್ಬನೇ. ಐವತ್ತು ದಾಟಿದ ಮೆಕ್ಯಾನಿಕ್. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಕ್ರಿಪ್ಟೊ ನಾಣ್ಯ ಹುಟ್ಟಿಸುವ ಯಂತ್ರಗಳ ಗೋದಾಮಿನಲ್ಲಿ ಸುಟ್ಟ ಬೋರ್ಡುಗಳಿಗೆ ಜೀವ ಕೊಡುವುದು ಅವನ ಕೆಲಸ. ಗುಜರಿಗೆ ಹೋಗಬೇಕಿದ್ದ ಒಂದು ಯಂತ್ರವನ್ನು ಚಳಿಗಾಲದ ಮೊದಲ ವಾರ ಅವನು ಹೆಗಲ ಮೇಲೆ ಹೊತ್ತು ಮೆಟ್ಟಿಲೇರಿದ್ದನ್ನು ಕಟ್ಟಡವೆಲ್ಲ ನೋಡಿತ್ತು. ಒಂಟಿ ಜೀವಕ್ಕೆ ಇಷ್ಟು ದುರಾಸೆ ಯಾಕೋ ಎಂದು ಅಂದಿನಿಂದ ಎಲ್ಲರ ಬಾಯಲ್ಲೂ ಗುಸುಗುಸು.

ಯಂತ್ರವನ್ನು ಅವನು ಮೊದಲಿದ್ದಂತೆ ಬಿಡಲಿಲ್ಲ. ವೋಲ್ಟೇಜ್ ಮಿತಿ ಮೀರದಂತೆ ಕಾಯುವ ಕಂಪನಿಯ ತಂತ್ರಾಂಶವನ್ನು ಅಳಿಸಿ ಬೇರೊಂದನ್ನು ತುಂಬಿದ. ಪವರ್ ಸಪ್ಲೈ ಬಿಚ್ಚಿ, ಅಕ್ಕಿಕಾಳಿಗಿಂತ ಸಣ್ಣ ರೆಸಿಸ್ಟರ್ ಒಂದನ್ನು ಬದಲಿಸಿದ. ದಪ್ಪ ತಾಮ್ರದ ತಂತಿ ಹಾಕಿದ. ಕಿರುಚುವ ಫ್ಯಾನುಗಳನ್ನು ತೆಗೆದು ದೊಡ್ಡ, ಮೆಲುದನಿಯವನ್ನು ಕೂರಿಸಿದ. ಹನ್ನೆರಡು ವೋಲ್ಟಿನ ಯಂತ್ರಕ್ಕೆ ಮೊದಲ ವಾರ ಹದಿಮೂರು ವೋಲ್ಟ್. ಆಮೇಲೆ ಹದಿಮೂರೂವರೆ. ಹದಿನಾಲ್ಕು.

ಗೋದಾಮಿನ ಮೇಲ್ವಿಚಾರಕ ಲೆಕ್ಕ ಕೇಳಿ ನಕ್ಕಿದ್ದ. ಹೀಗೆ ಓಡಿಸಿದರೆ ಹುಟ್ಟುವ ನಾಣ್ಯಕ್ಕಿಂತ ಸುಡುವ ಕರೆಂಟೇ ಜಾಸ್ತಿ ಎಂದಿದ್ದ. ಬಿಸಿಗಾಳಿಯನ್ನು ಕಿಟಕಿಗೆ ಬಿಡದೆ ಗೋಡೆಗೆ ಯಾಕೆ ಬಿಡುತ್ತೀಯ ಎಂದೂ ಕೇಳಿದ್ದ. ಮೆಕ್ಯಾನಿಕ್ ತಲೆಯೆತ್ತದೆ ಕೈಯಲ್ಲಿದ್ದ ಬೋರ್ಡಿಗೆ ಬೆಸುಗೆ ಹಾಕುತ್ತಲೇ ಇದ್ದ.

ಉತ್ತರ ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ. ಅವಳಿಗೂ ಅದನ್ನು ಒಂದು ಭಾನುವಾರ ಫೋನಿನಲ್ಲಿ ಅಳುಕುತ್ತಲೇ ಹೇಳಿದ್ದ.

ಕಟ್ಟಡದ ಎರಡು ಭಾಗಗಳು ಬೆನ್ನಿಗೆ ಬೆನ್ನು ತಾಗಿಸಿ ನಿಂತಿದ್ದವು. ಆಚೆ ಭಾಗಕ್ಕೆ ಹಿಂದಿನ ಬೀದಿಯಿಂದ ಬೇರೆ ಬಾಗಿಲು. ಚಳಿ ಶುರುವಾದಾಗ ಆ ಭಾಗದ ಹೀಟರ್ ವ್ಯವಸ್ಥೆ ಕೆಟ್ಟಿತ್ತು. ಆ ದಿನವೇ ಅದನ್ನು ವಿಚಾರಿಸಲು ಬಂದು ಮೀಟರ್ ಕೋಣೆಯಲ್ಲಿ ಸಿಕ್ಕ ಆ ಭಾಗದ ವೃದ್ಧೆಯೊಬ್ಬರು, ನಲವತ್ತು ವರ್ಷ ಹೊಲಿಗೆ ಕಲಿಸಿದ ಟೀಚರಮ್ಮ, ಅಂಗೈ ಉಜ್ಜಿಕೊಳ್ಳುತ್ತ ನಿಂತಿದ್ದರು. ಸೂಜಿಗೆ ದಾರ ಪೋಣಿಸಲೂ ಬೆರಳು ಬಗ್ಗುತ್ತಿಲ್ಲ ಎಂದರು. ಅವರ ಮಲಗುವ ಕೋಣೆಗೂ ತನ್ನ ಕೋಣೆಗೂ ಒಂದೇ ಗೋಡೆ ಎಂದು ತಿಳಿದಾಗ ಅವನು ತಡವರಿಸುತ್ತ, ತನಗೊಂದು ಯಂತ್ರ ಸಿಗುತ್ತದೆ, ಅದು ಚೆನ್ನಾಗಿ ಬಿಸಿಯಾಗುತ್ತದೆ ಎಂದ. ಟೀಚರಮ್ಮ ನಕ್ಕುಬಿಟ್ಟರು.

"ಆಗಲಪ್ಪ. ಬೆಚ್ಚಗಾದ್ರೆ ಗೋಡೆ ತಟ್ಟತೀನಿ."

ಎರಡು ದಿನದ ಮೇಲೆ ಸಂಜೆ ಯಂತ್ರ ಚಾಲೂ ಮಾಡಿದ. ಇಪ್ಪತ್ತು ನಿಮಿಷದ ನಂತರ, ಊಟದ ತಟ್ಟೆ ಕೈಯಲ್ಲಿದ್ದಾಗ, ಟಕ್. ಮತ್ತೆ ಟಕ್, ಟಕ್. ಅವನು ತಟ್ಟೆಯನ್ನು ಕೆಳಗಿಟ್ಟ. ಆರು ವರ್ಷದಲ್ಲಿ ಆ ಮನೆಯಲ್ಲಿ ಅವನಿಗಾಗಿ ಆದ ಮೊದಲ ಸದ್ದು ಅದು. ಎದ್ದು ಹೋಗಿ ತಾನೂ ತಟ್ಟಿದ. ತುಸು ತಡವಾಗಿ ಉತ್ತರ ಬಂತು. ವಯಸ್ಸಾದವರು, ನಿಧಾನ, ಅಂದುಕೊಂಡ.

ವೋಲ್ಟೇಜ್ ಏರಿದಂತೆ ಮಾತೂ ಏರಿತು. ಹದಿನಾಲ್ಕಕ್ಕೆ ಟೀಚರಮ್ಮ ಅರ್ಧ ಗಂಟೆ ಗೋಡೆ ತಟ್ಟಿ ಮಾತಾಡಿದರು. ಅವನು ಕುರ್ಚಿಯನ್ನು ಗೋಡೆಗೆ ಎಳೆದುಕೊಂಡು ಅಂದಿನದೆಲ್ಲ ಹೇಳತೊಡಗಿದ. ಯಾವ ಬೋರ್ಡು ಬದುಕಿತು, ಯಾವುದು ಕೈಬಿಟ್ಟಿತು. ಹೆಂಡತಿ ಕೊನೆಯ ದಿನಗಳಲ್ಲಿ ಏನು ಕೇಳಿದ್ದಳು ಎಂಬುದನ್ನೂ ಒಂದು ಸಂಜೆ ಹೇಳಿಬಿಟ್ಟ. ಒಮ್ಮೆ ಹಿಂದಿನ ಬೀದಿಗೆ ಸುತ್ತಿ ಹೋಗಿ ಬೆಲ್ ಒತ್ತಿದ. ಯಾರೂ ತೆಗೆಯಲಿಲ್ಲ. ಕಿವಿ ಮಂದವಿರಬೇಕು, ಇಲ್ಲವೇ ಸಂಕೋಚ. ಮನೆಗೆ ಬಂದು ವೋಲ್ಟೇಜ್ ಒಂದಿಷ್ಟು ಏರಿಸಿದ. ಸ್ವಲ್ಪ ಹೊತ್ತಿಗೆ ಟಕ್ ಎಂದಿತು. ಸಮಾಧಾನವಾಯಿತು.

ಇದನ್ನೆಲ್ಲ ಫೋನಿನಲ್ಲಿ ಕೇಳಿಸಿಕೊಂಡ ಅಕ್ಕ ಹೇಳಿದಳು:

"ಗೋಡೆಗೆ ಕಿವಿ ಇರತ್ತೆ ಅಂತ ಕೇಳಿದ್ದೆ ಕಣೋ. ನಿನ್ನ ಗೋಡೆಗೆ ಕೈ ಬೇರೆ ಇದೆ."

ತನ್ನ ಮನೆಗೆ ಬಂದು ಇದ್ದುಬಿಡು, ಕೋಣೆ ಸುಣ್ಣ ಹೊಡೆಸಿ ಇಟ್ಟಿದ್ದೇನೆ ಎಂದು ಮತ್ತೆ ಕರೆದಳು. ಅವನು ಒಪ್ಪಲಿಲ್ಲ. ಇಲ್ಲಿ ತನ್ನನ್ನು ನಂಬಿಕೊಂಡ ಜೀವವೊಂದಿದೆ ಎಂದ. ಚಳಿಗಾಲ ನಡುವಿಗೆ ಬಂದಾಗ ಅಕ್ಕ ಆ ಕೋಣೆಯನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟಳು.

ಕಾರ್ಯದರ್ಶಿ ವೈರ್‌ಮನ್‌ನನ್ನು ಕರೆದುಕೊಂಡು ಬಂದದ್ದು ಶನಿವಾರ ಮಧ್ಯಾಹ್ನ. ಆ ಹೊತ್ತಿಗೆ ಯಂತ್ರ ಹದಿನಾಲ್ಕೂವರೆಯಲ್ಲಿತ್ತು. ಗೋಡೆಯ ಬಣ್ಣ ಹಪ್ಪಳದಂತೆ ಎದ್ದಿತ್ತು. ಲೈನ್ ಕತ್ತರಿಸದೆ ಬೇರೆ ದಾರಿಯಿಲ್ಲ ಎಂದರು ಕಾರ್ಯದರ್ಶಿ. ಮೆಕ್ಯಾನಿಕ್ ಜೀವನದಲ್ಲಿ ಯಾರನ್ನೂ ಬೇಡಿದವನಲ್ಲ. ಅಂದು ಕೈ ಮುಗಿದ. ಆಚೆ ವಯಸ್ಸಾದವರಿದ್ದಾರೆ, ಚಳಿ ಕಳೆಯುವವರೆಗೆ ಬಿಡಿ ಎಂದ. ಕಾರ್ಯದರ್ಶಿ ವೈರ್‌ಮನ್ ಕಡೆ ನೋಡಿದರು. ಆಚೆ ಗೋಡೆಯನ್ನೂ ನೋಡಿಕೊಂಡು ಬರುತ್ತೇನೆಂದು ವೈರ್‌ಮನ್ ಹಿಂದಿನ ಬೀದಿಗೆ ಹೋದ.

ಅವನು ವಾಚ್‌ಮನ್ ಕೊಟ್ಟ ಬೀಗದಕೈ ಹಿಡಿದುಕೊಂಡೇ ಮರಳಿ ಬಂದ.

"ಅಲ್ಲಿ ಯಾರೂ ಇಲ್ಲ ಸಾರ್. ಹೀಟರ್ ಕೆಟ್ಟ ಮಾರನೇ ದಿನಾನೇ ಮಗಳು ಬಂದು ಟೀಚರಮ್ಮನ್ನ ಕರ್ಕೊಂಡು ಹೋದ್ರಂತೆ. ಮೂರು ತಿಂಗಳಿಂದ ಬೀಗ ಹಾಕಿದೆ."

ಮೆಕ್ಯಾನಿಕ್ ನಕ್ಕ. ತಪ್ಪು ಮನೆಗೆ ಹೋಗಿರಬೇಕು ಎಂದ. ಅಷ್ಟರಲ್ಲಿ ಗೋಡೆಯಿಂದ ಟಕ್, ಟಕ್ ಎಂದಿತು. ಗೆದ್ದವನಂತೆ ಅವನು ಇಬ್ಬರ ಮುಖವನ್ನೂ ನೋಡಿದ.

"ಕೇಳಿಸ್ತಾ? ನಾನು ವೋಲ್ಟೇಜ್ ಏರಿಸಿದಷ್ಟೂ ಜಾಸ್ತಿ ತಟ್ಟತಾರೆ."

ವೈರ್‌ಮನ್ ಗೋಡೆಗೆ ಅಂಗೈ ಇಟ್ಟು, ತಕ್ಷಣ ಹಿಂದೆಗೆದು, ಮೆಲ್ಲಗೆ ಹೇಳಿದ: "ಇದರೊಳಗೆ ಹಳೇ ನೀರಿನ ಪೈಪ್ ಇದೆ ಸಾರ್, ಕಾದ್ರೆ ಹಿಗ್ಗಿ ಹೀಗೇ ಸದ್ದು ಮಾಡತ್ತೆ."