ಚಕ್ರದ ಮೇಲಿನ ಬಿಳಿ ಗೀಟು

ಮೂರನೇ ಸಲವೂ ನೀರೆತ್ತುವ ಎಂಜಿನ್ ಒದೆಯಿತು. ಹ್ಯಾಂಡಲ್ ಗಿರ್ರನೆ ಹಿಂದಕ್ಕೆ ತಿರುಗಿ ಸಿದ್ದಮಲ್ಲಪ್ಪನ ಮಣಿಕಟ್ಟಿಗೆ ಬಡಿಯಿತು. ಲಕ್ಷ್ಮಣತೀರ್ಥ ನದಿ ಕಣ್ಣೆದುರೇ ಹರಿಯುತ್ತಿತ್ತು. ದಡದ ಮೇಲೆ ಹೊಗೆಸೊಪ್ಪಿನ ಸಸಿಗಳು ಬಿಸಿಲಿಗೆ ಬಾಡಿ ಮಲಗುತ್ತಿದ್ದವು. ಇವತ್ತು ನೀರು ಕಾಣದಿದ್ದರೆ ಅವು ಸತ್ತ ಹಾಗೆಯೇ.

ಬೆಳಿಗ್ಗೆ ಎಂಜಿನ್ ಪೂಜೆಗೆಂದು ಕಿಡಿ ಹಾರಿಸುವ ಮ್ಯಾಗ್ನೆಟೊ ಬಿಚ್ಚಿ ಒರೆಸಿದವನು ಅವನೇ. ಮತ್ತೆ ಕೂರಿಸುವಾಗ ದೊಡ್ಡ ಚಕ್ರದ ಬಿಳಿ ಗೀಟು ನೇರ ಮೇಲಕ್ಕೆ ಬಂದಿರಬೇಕು, ಆಗಲೇ ಕಿಡಿ ಸರಿಯಾದ ಹೊತ್ತಿಗೆ ಹಾರುವುದು ಎಂದು ಮೈಸೂರಿನ ಮೇಸ್ತ್ರಿ ಹೇಳಿ ಹೋಗಿದ್ದ. ಈಗ ಚಕ್ರದಲ್ಲಿ ಗೀಟೇ ಇರಲಿಲ್ಲ. ಅಂದಾಜಿನಲ್ಲಿ ಕೂರಿಸಿದರೆ ಕಿಡಿ ಮುಂಚೆಯೇ ಹಾರಿ ಎಂಜಿನ್ ಹಿಂದಕ್ಕೆ ಒದೆಯುತ್ತಿತ್ತು.

"ಇಲ್ಲಿ ಬಿಳೀ ಗೀಟಿತ್ತಲ್ಲ, ಏನ್ಮಾಡ್ದೆ ಅದ್ನ?" ಎಂದು ಪಕ್ಕದಲ್ಲಿ ನಿಂತಿದ್ದ ಹೆಂಡತಿಯನ್ನು ಕೇಳಿದ.

"ಸುಣ್ಣದ ಕಲೆ ಅಂತ ಇಟ್ಟಿಗೆ ಪುಡಿ ಆಕಿ ತಿಕ್ಬುಟ್ಟೆ ಕಣ್ರೀ," ಎಂದಳು ನೀಲಾಂಬಿಕೆ. "ಬೆರಳೇ ತರಚೋಯ್ತು. ಈಗ ನೋಡ್ರಿ, ದೇವ್ರ ಮನೆ ತಂಬಿಗೆ ಅಂಗೆ ಒಳೀತದೆ."

ಅವನು ಅವಳ ತರಚಿದ ಬೆರಳನ್ನು ನೋಡಿದ. ಮೇಸ್ತ್ರಿ ಮತ್ತೆ ಬರುವುದು ಮುಂದಿನ ಸೋಮವಾರ. ಸಿದ್ದಮಲ್ಲಪ್ಪ ಊದಿಕೊಳ್ಳುತ್ತಿದ್ದ ಕೈಯನ್ನು ಎಣ್ಣೆ ನೀವಲೆಂದು ಅವಳತ್ತ ಚಾಚಿದ.