ಅಕ್ಕನ ಸಾರು

ನಮ್ಮ ಒಲೆ ಹೇಳಿದಷ್ಟೇ ಮಾಡುತ್ತದೆ. ಹೊತ್ತು ಹೊತ್ತಿನ ಊಟಕ್ಕೂ ಮೊದಲು ಹೆಸರಿಡಬೇಕು, ಏನೇನು ಹಾಕಬೇಕು, ಏನು ಬರಬೇಕು ಎಂದೆಲ್ಲ ಒಪ್ಪಿಸಬೇಕು, ಕೊನೆಗೆ ‘ಮುಗಿಯಿತು’ ಅನ್ನಬೇಕು. ಇಪ್ಪತ್ತು ವರ್ಷ ನಾನು ಹಾಗೇ ಗಂಟಲು ಹರಿದುಕೊಂಡಿದ್ದೇನೆ.

ಈ ಯುಗಾದಿಯಿಂದ ಒಲೆ ಚುಟುಕು ಮಾತನ್ನೂ ಒಪ್ಪುತ್ತದೆ. ಊಟಕ್ಕೆ ಹೆಸರು ಬೇಡ, ‘ಮುಗಿಯಿತು’ ಬೇಡ. ಮೊನ್ನೆ ಮೊನ್ನೆ ಮದುವೆಯಾಗಿ ಬಂದ ನನ್ನ ವಾರಗಿತ್ತಿ ಮೈಥಿಲಿ ತಲೆ ಬಾಚಿಕೊಳ್ಳುತ್ತಲೇ ಒಂದು ಸಾಲು ಹೇಳುತ್ತಾಳೆ, ಊಟ ಸಿದ್ಧ.

“ಎಷ್ಟು ಚುರುಕು ನೋಡೇ ಇವಳು!” ಎಂದರು ಅತ್ತೆ. ನನಗೆ ಒಂದು ಸಲವೂ ಹಾಗೆ ಅಂದವರಲ್ಲ. ಹೊಟ್ಟೆ ಉರಿದುಹೋಯಿತು.

ನಿನ್ನೆ ಬಾಗಿಲ ಹಿಂದೆ ನಿಂತು ಅವಳ ಆ ಒಂದು ಸಾಲನ್ನು ಕೇಳಿಸಿಕೊಂಡೆ. “ಅನ್ನ, ಅಕ್ಕನ ಸಾರು, ಐದು ಜನಕ್ಕೆ.”

ಅಕ್ಕನ ಸಾರು! ಮದುವೆಯಾದ ಹೊಸದರಲ್ಲಿ ಹನ್ನೊಂದು ಸಾಲು ಹೇಳಿ, ಮನೆಯ ಕಿರಿಯರು ನನ್ನನ್ನು ಕರೆಯುವ ಹೆಸರನ್ನೇ ಇಟ್ಟು, ನಾನು ಒಲೆಗೆ ಕಲಿಸಿದ ಸಾರು. ಅದನ್ನು ಹೆಸರು ಹಿಡಿದು ಕರೆದು ಇವಳು ಚುರುಕಾದಳು.

ಇವತ್ತು ಬೆಳಿಗ್ಗೆ ಎದ್ದವಳೇ ಆ ಸಾರಿನ ಹೆಸರು ಬದಲಾಯಿಸಿದೆ.

ಮಧ್ಯಾಹ್ನ ಎಲೆ ಹಾಕಿದಾಗಲೂ ಒಲೆ ತಣ್ಣಗಿತ್ತು. “ಅಕ್ಕನ ಸಾರು ಎಂಬುದು ಈ ಮನೆಯಲ್ಲಿಲ್ಲ,” ಎಂದಿತು. ಮೈಥಿಲಿ ಅಳುಮುಖ ಮಾಡಿಕೊಂಡು ನನ್ನತ್ತ ನೋಡಿದಳು. ನಾನು ಉಪ್ಪಿನಕಾಯಿ ಬಡಿಸುತ್ತಿದ್ದೆ.

ಅತ್ತೆ ಎಲೆಯಿಂದ ತಲೆ ಎತ್ತಲಿಲ್ಲ. “ಈಗ ಏನಂತ ಹೆಸರಿಟ್ಟಿದ್ದೀಯೇ ಅದಕ್ಕೆ?”

“ನಾನ್ಯಾಕೆ ಅತ್ತೆ...”

“ನೀನು ಈ ಮನೆಗೆ ಬಂದ ವರ್ಷ ನನ್ನ ಹುಳಿಗೆ ನಾನು ಮೂರು ಸಲ ಹೆಸರು ಬದಲಾಯಿಸಿದ್ದೆ. ಬೇಗ ಹೇಳು, ಹಸಿವಾಗ್ತಿದೆ.”